ಚಿಕಿತ್ಸೆಯ ನಿರ್ಧಾರ ತಾವೇ ಕೈಗೊಂಡ ಕಾರ್ಡಿನಲ್ ಬರ್ನಾರ್ಡಿನ್

ಷಿಕಾಗೊ ನಗರದ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಜೋಸೆಫ್ ಬರ್ನಾರ್ಡಿನ್‌ರವರು 1928ರ ಏಪ್ರಿಲ್ 2ರಂದು ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಕೊಲಂಬಿಯಾದಲ್ಲಿ ಜನಿಸಿದರು. ಇಟಲಿಯಿಂದ ವಲಸೆ ಬಂದ ಕುಟುಂಬ ಅವರದು. ಬಾಲಕನಿಗೆ ಆರು ವರ್ಷವಾಗಿದ್ದಾಗ ಕಲ್ಲುಕುಟಿಗರಾಗಿದ್ದ ತಂದೆ ಕ್ಯಾನ್ಸರ್‌ಗೆ ತುತ್ತಾದರು. ತಾಯಿ ಹೊಲಿಗೆ ಕೆಲಸದಿಂದ ಸಂಸಾರವನ್ನು ಸಲಹಿದರು. ವೈದ್ಯರಾಗಬೇಕೆಂದು ವಿದ್ಯಾಭ್ಯಾಸ ಆರಂಭಿಸಿದ ಜೋಸೆಫರು ದೇವರ ಕರೆಗೆ ಓಗೊಟ್ಟು 1952ರಲ್ಲಿ ಗುರುದೀಕ್ಷೆ ಪಡೆದರು. 1966ರಲ್ಲಿ ಅಟ್ಲಾಂಟಾದ ಸಹಾಯಕ ಧರ್ಮಾಧ್ಯಕ್ಷರಾದರು. 1982ರಲ್ಲಿ ಷಿಕಾಗೊಗೆ ಬಂದು, ಮರುವರ್ಷ ಕಾರ್ಡಿನಲ್ ಪದವಿಗೇರಿದರು.

1995ರ ಜೂನ್‌ನಲ್ಲಿ ಅವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ, ಕಿಮೊಥೆರಪಿ ಎಲ್ಲಕ್ಕೂ ಅವರು ಮನಃಪೂರ್ವಕವಾಗಿ ಒಪ್ಪಿದರು. ತಾವೇ ರೋಗಿಯಾಗಿದ್ದಾಗಲೂ ಇತರ ಕ್ಯಾನ್ಸರ್ ರೋಗಿಗಳ ಬಳಿಗೆ ಹೋಗಿ ಅವರಿಗಾಗಿ ಪ್ರಾರ್ಥಿಸಿದರು.

1996ರ ಆಗಸ್ಟ್ ಕೊನೆಯಲ್ಲಿ ರೋಗವು ಯಕೃತ್ತಿಗೆ ಹಬ್ಬಿರುವುದನ್ನು ವೈದ್ಯರು ತಿಳಿಸಿದರು. ಒಂದು ವರ್ಷ ಅಥವಾ ಅದಕ್ಕಿಂತ ಕಡಿಮೆ ಅವಧಿ ಉಳಿದಿದೆಯೆಂಬುದನ್ನು ಅವರು ಮರೆಮಾಚದೆ ತಮ್ಮ ಜನರಿಗೆ ತಿಳಿಸಿದರು. ಮತ್ತೆ ಕಿಮೊಥೆರಪಿ ನಡೆಯಿತು. ಅದರ ಹೊರೆಯೇ ಪ್ರಯೋಜನಕ್ಕಿಂತ ಹೆಚ್ಚಾದಾಗ ಅದನ್ನು ನಿಲ್ಲಿಸುವ ತೀರ್ಮಾನವನ್ನು ತಾವೇ ಕೈಗೊಂಡರು.

ಇದು ಜೀವದಾನಿಯಾದ ದೇವರಿಗೆ ಬೆನ್ನು ತಿರುಗಿಸಿದಂತಲ್ಲವೇ ಎಂದು ಕೆಲವರು ಕೇಳಬಹುದು. ಅಲ್ಲ. ಫಲಕ್ಕೆ ಮೀರಿದ ಹೊರೆಯಾಗುವ ಚಿಕಿತ್ಸೆಯನ್ನು ಬಿಡುವುದು ನ್ಯಾಯಸಮ್ಮತವೆಂದೂ, ಪ್ರಜ್ಞೆ ಮತ್ತು ಶಕ್ತಿಯಿರುವ ತನಕ ಆ ನಿರ್ಧಾರ ರೋಗಿಯದೇ ಎಂದೂ 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಬೋಧಿಸುತ್ತದೆ. ಆದರೆ ಸಾವನ್ನು ಬರಮಾಡಿಕೊಳ್ಳುವುದು ಬೇರೆ ಮಾತು. ಈ ವ್ಯತ್ಯಾಸವನ್ನು ಕಾರ್ಡಿನಲ್ಲರು ಚೆನ್ನಾಗಿ ಬಲ್ಲವರಾಗಿದ್ದರು. ವೈದ್ಯರ ನೆರವಿನ ಆತ್ಮಹತ್ಯೆಗೆ ಮನ್ನಣೆ ನೀಡಬಾರದೆಂದು ಮರಣಕ್ಕೆ ಕೆಲವೇ ದಿನಗಳ ಮುಂಚೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಚಿಕಿತ್ಸೆ ನಿರಾಕರಿಸುವುದಕ್ಕೂ ಸಾಯಲು ನೆರವು ಪಡೆಯುವುದಕ್ಕೂ ವ್ಯತ್ಯಾಸವಿದೆಯೆಂದು 1997ರಲ್ಲಿ ಆ ನ್ಯಾಯಾಲಯವೂ ತೀರ್ಪಿತ್ತಿತು.

1996ರ ನವೆಂಬರ್ 14ರಂದು, 68ನೆಯ ವಯಸ್ಸಿನಲ್ಲಿ, ತಮ್ಮ ನಿವಾಸದಲ್ಲಿಯೇ ಅವರು ದೈವಾಧೀನರಾದರು.

ನಮ್ಮ ಮನೆಗಳಲ್ಲಿ ಪ್ರೀತಿಯ ಕಾರಣದಿಂದಲೇ ರೋಗದ ಹೆಸರನ್ನು ರೋಗಿಗೆ ಹೇಳದೆ, ಬಾಗಿಲ ಹೊರಗೆ ಬಂಧುಗಳೇ ಎಲ್ಲವನ್ನೂ ನಿರ್ಧರಿಸುವುದುಂಟು. ಮಂಚದ ಮೇಲಿರುವವರ ಮನಸ್ಸಿನಲ್ಲಿ ಏನಿದೆಯೆಂದು ಮೊದಲು ಕೇಳೋಣ. ಕೇಳಿದ ಮೇಲೆ ಆ ಮಾತಿಗೆ ಬೆಲೆ ಕೊಡೋಣ. ಅದೂ ಸೇವೆಯೇ.