ಶಾಲೆ ಬಿಟ್ಟರೂ ಆಟ ಬಿಡದವರು

ಫುಟ್‌ಬಾಲ್‌ನ ಎಫ್‌.ಎ. ಕಪ್ ಹುಟ್ಟಿಗೆ ಕಾರಣರಾದ ಚಾರ್ಲ್ಸ್ ಆಲ್ಕಾಕ್ ಜನಿಸಿದ್ದು 1842ರಲ್ಲಿ, ಇಂಗ್ಲೆಂಡಿನ ಸಂಡರ್‌ಲ್ಯಾಂಡ್‌ನಲ್ಲಿ. ಓದಿದ್ದು ಹ್ಯಾರೋ ಶಾಲೆಯಲ್ಲಿ. ಶಾಲೆ ಬಿಟ್ಟ ಮೇಲೂ ಆಟ ಬಿಡದೆ, 1859ರಲ್ಲಿ ಅಣ್ಣನೊಂದಿಗೆ ಸೇರಿ ತಂಡ ಕಟ್ಟಿದರು. ಅದರಲ್ಲಿ ಹೆಚ್ಚಿನವರು ಹ್ಯಾರೋದ ಹಳೆಯ ವಿದ್ಯಾರ್ಥಿಗಳೇ. ಮುಂದೆ ಅದು ವಾಂಡರರ್ಸ್ ಎನಿಸಿತು.

ಹ್ಯಾರೋದಲ್ಲಿ ಸೋತ ತಂಡ ಹೊರಬೀಳುವ ಪಂದ್ಯಾವಳಿ ನಡೆಯುತ್ತಿತ್ತು. ಫುಟ್‌ಬಾಲ್ ಅಸೋಸಿಯೇಷನ್ ಕಾರ್ಯದರ್ಶಿಯಾಗಿದ್ದ ಆಲ್ಕಾಕ್ 1871ರಲ್ಲಿ ಅದೇ ಮಾದರಿಯ ಕಪ್ ಸೂಚಿಸಿದರು. 1872ರ ಮೊದಲ ಫೈನಲ್‌ನಲ್ಲಿ ಅವರ ನಾಯಕತ್ವದ ವಾಂಡರರ್ಸ್ 1–0 ಅಂತರದಲ್ಲಿ ಗೆದ್ದಿತು. 1907ರಲ್ಲಿ ಅವರು ತೀರಿಕೊಂಡರು. ಕಪ್ ಇಂದಿಗೂ ನಡೆಯುತ್ತಿದೆ.

ಅದು ಶ್ರೀಮಂತರ ಶಾಲೆ, ನಮ್ಮದು ಸರ್ಕಾರಿ ಶಾಲೆ. ಆದರೆ ಕಬಡ್ಡಿಗೆ ಬೇಕಾದ್ದು ಅಂಕಣ ಮತ್ತು ಏಳು ಮಂದಿ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನಾನು ಮೊದಲು ಹೆಸರು ಕೊಡುತ್ತೇನೆ. ಸುವರ್ಣ ವರ್ಷದಲ್ಲಿ ಉಳಿದ ಆರು ಮಂದಿ ಬನ್ನಿ.