ಎಪ್ಪತ್ತರಲ್ಲಿ ಕಾಪಿ ಮಾಡಿದವನು

ಅಸೈನ್‌ಮೆಂಟ್ ಕಾಪಿ ಹೊಡೆಯದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ? ಆದ್ರೆ ಹೆಸರು, ಇನಾಮು ಎಲ್ಲ ಸಿಕ್ಕ ಮೇಲೆ, ಎಪ್ಪತ್ತನೇ ವಯಸ್ಸಿನಲ್ಲಿ ಕೂತು ಕಾಪಿ ಮಾಡಿದ ಕಲಾವಿದನೊಬ್ಬ ಇದ್ದ. ಅವನ ಹೆಸರು ಫರ್ರುಖ್ ಬೇಗ್.

ಇವನು ಪರ್ಷಿಯಾದ ಚಿತ್ರಪರಂಪರೆಯವನು. ಅಲ್ಲಿ ಹುಡುಗರು ಕಲಿಯುತ್ತಿದ್ದದ್ದೇ ಗುರುಗಳ ಚಿತ್ರ ನಕಲು ಮಾಡಿ. ಬಂಡೆ ಹೀಗೆ, ಮರ ಹೀಗೆ, ಅದರ ಕೆಳಗೆ ಕೂತ ಮನುಷ್ಯ ಹೀಗೆ ಅಂತ ಕೈಗೆ ರೂಢಿಯಾಗುವವರೆಗೂ. ಫರ್ರುಖ್ ಕಾಬೂಲಿನಲ್ಲಿ ಮಿರ್ಜಾ ಹಕೀಮನ ಬಳಿ ಇದ್ದ. 1585ರಲ್ಲಿ ಹಕೀಮ ತೀರಿಕೊಂಡಾಗ ಅಕ್ಬರನ ಆಸ್ಥಾನ ಸೇರಿದ. 1600ರ ಸುಮಾರಿಗೆ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹನ ಹತ್ತಿರ ಬಂದ. ಅಲ್ಲಿನ ಕವಿ ಝುಹೂರಿ ಹೊಗಳಿದ ಫರ್ರುಖ್ ಹುಸೇನ್ ಇವನೇ ಅನ್ನೋದು ಹಲವು ವಿದ್ವಾಂಸರ ಅಭಿಪ್ರಾಯ.

ದೇವರ ಹಿಪ್ಪರಗಿಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಹೋದವರಿಗೆ ಗೊತ್ತು: ಎರಡೂ ಕಡೆ ಎರೆಹೊಲ, ಜೋಳ, ತೊಗರಿ, ಅಲ್ಲೊಂದು ಇಲ್ಲೊಂದು ಮರ. ಇಬ್ರಾಹಿಂ ಕುದುರೆ ಏರಿ ಗಿಡುಗದ ಜೊತೆ ಹೊರಟ ಅವನ ಚಿತ್ರದಲ್ಲಿ ಮಾತ್ರ ಈ ಬಯಲೇ ಇಲ್ಲ. ಕನಸಿನಂಥ ಬಂಡೆ, ದಟ್ಟ ಗಿಡಮರ. ಕೈ ಕಲಿತದ್ದನ್ನೇ ಬರೆಯಿತು.

ಆಮೇಲೆ ಅವನು ಜಹಾಂಗೀರನ ಆಸ್ಥಾನಕ್ಕೆ ಮರಳಿದ. ಬಾದಶಹ 2000 ರೂಪಾಯಿ ಇನಾಮು ಕೊಟ್ಟ. ಇನ್ನೇನು ಬೇಕಿತ್ತು? ಆದರೂ 1615ರಲ್ಲಿ ಯುರೋಪಿನ ಒಂದು ಅಚ್ಚುಚಿತ್ರ ಎದುರಿಗಿಟ್ಟುಕೊಂಡ. ಮಾರ್ಟೆನ್ ದ ವೋಸ್ ರಚಿಸಿ, ರಫಾಯೆಲ್ ಸಾಡೆಲರ್ 1591ರಲ್ಲಿ ತಾಮ್ರದ ತಗಡಿನಲ್ಲಿ ಕೊರೆದ ಚಿತ್ರ ಅದು. ಮನುಷ್ಯನ ನಾಲ್ಕು ವಯಸ್ಸು ತೋರಿಸುವ ಸರಣಿ: ಪ್ರೀತಿ, ದುಡಿಮೆ, ಗೌರವ, ದುಃಖ. ಫರ್ರುಖ್ ನಕಲು ಮಾಡಿದ್ದು ಕೊನೆಯದನ್ನು, ಕುರ್ಚಿಯಲ್ಲಿ ಕುಸಿದು ಕೂತ ಮುದುಕನನ್ನು.

ಮೂಲದಲ್ಲಿ ಇದ್ದದ್ದು ಬರೀ ಕಪ್ಪು ಗೆರೆ. ಬಣ್ಣ ಯಾವುದು, ನೆರಳು ಎಲ್ಲಿ, ಬಟ್ಟೆಯ ಮಡಿಕೆಗೆ ತೂಕ ಹೇಗೆ ಬಂತು, ಇದೆಲ್ಲ ಅವನೇ ಬಿಡಿಸಿ ನೋಡಬೇಕಿತ್ತು. ನಮ್ಮ ಭಾಷೆಯಲ್ಲಿ ರಿವರ್ಸ್ ಎಂಜಿನಿಯರಿಂಗ್. ಮುದುಕ ಯುರೋಪಿನವನಾಗೇ ಉಳಿದ. ಅವನ ಹಿಂದೆ ಎದ್ದ ಮರ ಮಾತ್ರ ಫರ್ರುಖ್‌ನದು, ಎಲೆ ಎಲೆಯಾಗಿ ಬಿಡಿಸಿದ ಮರ.

ಆ ಚಿತ್ರ ಈಗ ದೋಹಾದ ಮ್ಯೂಸಿಯಂನಲ್ಲಿದೆ. ಅದರ ಮೇಲಿನ ಬರಹ, ಕಲಾವಿದನಿಗೆ ಆಗ ಎಪ್ಪತ್ತು ಅನ್ನುತ್ತದೆ. ಲ್ಯಾಬ್ ರೆಕಾರ್ಡ್ ಕಾಪಿ ಮಾಡುವಾಗ ನಮ್ಮ ಕೈ ಓಡುತ್ತೆ, ಕಣ್ಣು ಮಲಗಿರುತ್ತೆ. ಅವನು ಕಾಪಿ ಮಾಡಿದ್ದು ತನಗೆ ಬಾರದ್ದನ್ನು.