ರಬ್ಬಿ ಸ್ಟೀಫನ್ ವೈಸ್

ಸಂಸ್ಥೆಗಳನ್ನು ಕಟ್ಟಿದವರ ಚರಿತ್ರೆಗಳು ಹೇರಳವಾಗಿವೆ. ಕಟ್ಟಿದ್ದನ್ನು ಅದರ ಉಳಿವಿಗಾಗಿಯೇ ಅನ್ಯರ ಕೈಗೊಪ್ಪಿಸಿದವರು ವಿರಳ. ಅಮೆರಿಕೆಯ ಯೆಹೂದಿ ಧರ್ಮಗುರು, ಅವರ ಮಾತಿನಲ್ಲಿ ರಬ್ಬಿ, ಸ್ಟೀಫನ್ ವೈಸ್ ಅಂಥವರಲ್ಲೊಬ್ಬರು.

1874ರಲ್ಲಿ ಬುಡಾಪೆಸ್ಟ್ ನಗರದಲ್ಲಿ ಜನಿಸಿದ ವೈಸರು ಕೂಸಾಗಿದ್ದಾಗಲೇ ನ್ಯೂಯಾರ್ಕಿಗೆ ಬಂದರು. ತಂದೆಯೂ ರಬ್ಬಿಗಳೇ. ಆ ನಗರದ ಸಿರಿವಂತ ಎಮಾನುಎಲ್ ಮಂದಿರದ ಗುರುಸ್ಥಾನ ಅವರಿಗೆ ಒದಗಿಬರುವುದರಲ್ಲಿತ್ತು. ಆದರೆ ಗುರುವಿನ ಉಪದೇಶವು ಧರ್ಮದರ್ಶಿಗಳ ಅಂಕೆಯಲ್ಲಿರಬೇಕೆಂಬ ನಿಯಮಕ್ಕೆ ಅವರು ತಲೆಬಾಗಲಿಲ್ಲ. 1907ರಲ್ಲಿ ಸ್ವತಂತ್ರ ಪ್ರಾರ್ಥನಾಮಂದಿರವನ್ನೇ ಸ್ಥಾಪಿಸಿದರು.

1922ರಲ್ಲಿ ಅವರು ತೆರೆದ ಜ್ಯೂಯಿಷ್ ಇನ್‌ಸ್ಟಿಟ್ಯೂಟ್ ಆಫ್ ರಿಲಿಜನ್ ಎಂಬ ಗುರುಕುಲಕ್ಕೆ ಇದೇ ಸ್ವಾತಂತ್ರ್ಯವೇ ಅಡಿಗಲ್ಲು. ಸಂಪ್ರದಾಯನಿಷ್ಠರೂ ಸುಧಾರಕರೂ ಒಂದೇ ಸೂರಿನಡಿ ಕಲಿತು ರಬ್ಬಿಗಳಾಗಬೇಕೆಂಬುದು ಅವರ ಹಂಬಲ. ಸಿನ್ಸಿನಾಟಿಯಲ್ಲಿ 1875ರಿಂದಲೂ ನಡೆದಿದ್ದ ಹೀಬ್ರೂ ಯೂನಿಯನ್ ಕಾಲೇಜು ಸುಧಾರಣಾಪಂಥಕ್ಕೆ ಮಾತ್ರ ಮೀಸಲಾಗಿತ್ತು. ಅದನ್ನು ಸ್ಥಾಪಿಸಿದವರ ಹೆಸರೂ ವೈಸ್, ಐಸಾಕ್ ಮೇಯರ್ ವೈಸ್. ಇಬ್ಬರಿಗೂ ರಕ್ತಸಂಬಂಧವಿರಲಿಲ್ಲ.

1929ರ ಅನಂತರದ ಆರ್ಥಿಕ ಕುಸಿತದಲ್ಲಿ ದಾನಿಗಳ ಕೈ ಬಿಗಿಯಾಯಿತು. ಗುರುಕುಲಕ್ಕೆ ಸಾಕಷ್ಟು ಮೂಲಧನವಿರಲಿಲ್ಲ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಜೋಳಿಗೆ ಹಿಡಿದವರು ವೈಸರೇ. 1933ರ ಬಳಿಕ ಹಿಟ್ಲರನ ದೌರ್ಜನ್ಯಕ್ಕೆ ಸಿಕ್ಕ ಸ್ವಜನರ ರಕ್ಷಣೆಯ ಚಿಂತೆಯೂ ಅವರ ಹೆಗಲೇರಿತು. ಒಂದೇ ದೇಹ, ಎರಡು ನೊಗ!

ಸಂಸ್ಥಾಪಕನ ವರ್ಚಸ್ಸಿನಿಂದಲೇ ನಡೆಯುವ ವಿದ್ಯಾಲಯ ಆತನೊಡನೆಯೇ ಅಳಿಯುವ ಅಪಾಯವುಂಟು. ಎಪ್ಪತ್ತು ದಾಟಿ ರೋಗಪೀಡಿತರಾಗಿದ್ದ ವೈಸರಿಗೆ ಇದು ತಿಳಿಯದ್ದೇನಲ್ಲ. 1947ರಲ್ಲಿ ಸಿನ್ಸಿನಾಟಿಯ ಕಾಲೇಜಿಗೆ ಪುರಾತತ್ತ್ವಜ್ಞ ನೆಲ್ಸನ್ ಗ್ಲೂಕ್ ಅಧ್ಯಕ್ಷರಾದರು. ಮರುವರ್ಷವೇ ವೈಸರು ತಮ್ಮ ಗುರುಕುಲದ ಅಧ್ಯಕ್ಷಸ್ಥಾನವನ್ನೂ ಅವರಿಗೆ ಬಿಟ್ಟುಕೊಟ್ಟರು. ಮಂದಿರದ ಧರ್ಮದರ್ಶಿಗಳಿಗೆ ಮಣಿಯದ ಮನುಷ್ಯ, ತಾನಾಗಿ ಪೀಠದಿಂದಿಳಿದದ್ದು ಸಣ್ಣ ಸಂಗತಿಯಲ್ಲ. ಎಲ್ಲ ಪಂಥಗಳಿಗೂ ತೆರೆದಿದ್ದ ಬಾಗಿಲು ಸುಧಾರಣಾಪಂಥದ ಮನೆಯೊಳಗೆ ಸೇರಿದಾಗ ಕಿರಿದಾದೀತೆಂಬ ಶಂಕೆ ಯಾರಿಗಾದರೂ ಸಹಜ. ಆದರೆ ಬಾಗಿಲೇ ಮುಚ್ಚುವುದಕ್ಕಿಂತ ಅದು ಲೇಸಲ್ಲವೆ?

1949ರ ಏಪ್ರಿಲ್ 19ರಂದು ವೈಸರು ತೀರಿಕೊಂಡರು. ಮರುವರ್ಷ, 1950ರಲ್ಲಿ, ವಿಲೀನವು ವಿಧಿವತ್ತಾಗಿ ಪೂರ್ಣಗೊಂಡಿತು. ಕೂಡಿದ ಸಂಸ್ಥೆಯು ಎರಡೂ ಹೆಸರುಗಳನ್ನು ಧರಿಸಿತು. ನ್ಯೂಯಾರ್ಕಿನಲ್ಲಿ ಪಾಠಗಳು ನಿಲ್ಲಲಿಲ್ಲ.